ರಂಗಶಾಲೆ ಸಂದರ್ಶನ: ಮೂರು ನಿಮಿಷದ ಮಾತಿಗೆ ಮೂರು ವಾರದ ತಯಾರಿ

ಬೇಸಿಗೆ ಬಂತೆಂದರೆ ಧಾರವಾಡದ ನಮ್ಮ ಮನೆಗೆ ಹುಡುಗ ಹುಡುಗಿಯರು ಬರುತ್ತಾರೆ. ಕುಂದಗೋಳ, ರೋಣ, ಹಾನಗಲ್ ಕಡೆಯವರು. ‘ಸರ್, ರಂಗಶಾಲೆಗೆ ಅರ್ಜಿ ಹಾಕೀನ್ರಿ, ಒಂದೀಟು ನೋಡ್ರಿ’ ಅನ್ನುತ್ತಾರೆ. ಊರ ನಾಟಕದಲ್ಲಿ ಚೆಂದ ಪಾತ್ರ ಮಾಡುವವರೇ ಸಂದರ್ಶನದಲ್ಲಿ ಎಡವುತ್ತಾರೆ. ಅದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶಾಲೆ ಆರಿಸಿ. ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿಯ ರಂಗಪ್ರಯೋಗ ಶಾಲೆ, ಮೈಸೂರು ರಂಗಾಯಣದ ರಂಗಶಿಕ್ಷಣ ಕೇಂದ್ರ, ಮೂರರಲ್ಲೂ 1 ವರ್ಷದ ಡಿಪ್ಲೊಮಾ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು 3 ವರ್ಷ. ಅದಕ್ಕೆ ಪದವಿ ಆಗಿರಬೇಕು, ನಾಟಕ ಮಾಡಿದ ಅನುಭವವೂ ಬೇಕು. ಮೊದಲು ಕನ್ನಡದಲ್ಲಿ ಒಂದು ವರ್ಷ ಕಲಿಯಿರಿ, ದೆಹಲಿ ಆಮೇಲೆ.

ಅರ್ಜಿ ತುಂಬುವುದು ಒಂದು ದಿನದ ಕೆಲಸ. ಸ್ಟುಡಿಯೋಕ್ಕೆ ಸಾವಿರಾರು ರೂಪಾಯಿ ಕೊಟ್ಟು ಫೋಟೊ ಆಲ್ಬಮ್ ಮಾಡಿಸಬೇಡಿ. ಅದನ್ನು ತಂದ ಹುಡುಗರು ಬಹಳ ಮಂದಿ, ಅದರಿಂದ ಸೀಟು ಸಿಕ್ಕವರನ್ನು ನಾನಂತೂ ಕಂಡಿಲ್ಲ.

ಈಗ ಕಷ್ಟದ ಭಾಗ: ಒಬ್ಬರೇ ನಿಂತು ಆಡುವ ಮಾತು. ಸಿನಿಮಾ ಡೈಲಾಗ್ ಬೇಡವೇ ಬೇಡ. ಆ ನಟನ ದನಿ ನಿಮ್ಮ ಗಂಟಲಲ್ಲಿ ಕೂತುಬಿಡುತ್ತದೆ. ಮೊಬೈಲಿನಲ್ಲಿ ಸಿಗುವ ‘ಆಡಿಷನ್ ಡೈಲಾಗ್’ಗಳೂ ಬೇಡ, ಅವುಗಳ ಹಿಂದೆ ನಾಟಕವೇ ಇರುವುದಿಲ್ಲ. ಒಂದು ನಾಟಕವನ್ನು ಪೂರ್ತಿ ಓದಿ, ಅದರಿಂದ ಎರಡು ಮೂರು ನಿಮಿಷದ ಮಾತು ತೆಗೆಯಿರಿ. ಈ ಪಾತ್ರ ಯಾರ ಜೊತೆ ಮಾತಾಡುತ್ತಿದೆ? ಅವರಿಂದ ಏನು ಬೇಕಾಗಿದೆ? ಇವೆರಡು ಗೊತ್ತಾಗುವ ತನಕ ಬಾಯಿಪಾಠ ಮಾಡಬೇಡಿ.

ಮೊದಲ ವಾರ ದನಿ ಏರಿಸಬೇಡಿ. ಅಡುಗೆಮನೆಯಲ್ಲಿ ಅವ್ವನ ಜೊತೆ ಮಾತಾಡಿದ ಹಾಗೆ ಹೇಳಿ. ಎರಡನೇ ವಾರ ನಡೆಯುತ್ತಾ ಹೇಳಿ, ನೀರು ಸೇದುತ್ತಾ ಹೇಳಿ. ಉಸಿರು ಎಲ್ಲಿ ಕಡಿಯುತ್ತದೆ ಅಂತ ಆಗ ತಿಳಿಯುತ್ತದೆ, ಅಲ್ಲಿ ಪೆನ್ಸಿಲ್ ಗೆರೆ ಹಾಕಿ. ಮೂರನೇ ವಾರ ಕೂಗುವ ಜಾಗ ಒಂದೇ ಒಂದು ಇಟ್ಟುಕೊಳ್ಳಿ. ನಮ್ಮ ಕಡೆ ಮೈಕ್ ಇಲ್ಲದ ಬಯಲಲ್ಲಿ ಆಡಿದ ರೂಢಿಯಿಂದ ಎಲ್ಲವನ್ನೂ ಕೂಗುತ್ತಾರೆ. ಸಣ್ಣ ಕೋಣೆಯಲ್ಲಿ ಅದು ಬರೀ ಗದ್ದಲ. ಪರೀಕ್ಷಕರನ್ನು ದಿಟ್ಟಿಸಬೇಡಿ. ಎದುರಿನ ಗೋಡೆಯಲ್ಲಿ ಕಣ್ಣಿನ ಎತ್ತರಕ್ಕೆ ಒಂದು ಜಾಗ ಹಿಡಿದು, ಕೇಳುವವರು ಅಲ್ಲಿ ನಿಂತಿದ್ದಾರೆ ಅಂದುಕೊಳ್ಳಿ.

ಪರೀಕ್ಷಕರು ಅರ್ಧಕ್ಕೆ ನಿಲ್ಲಿಸಿ, ‘ಇದನ್ನೇ ಬಸ್ ತಪ್ಪಿಸಿಕೊಂಡವನ ಹಾಗೆ ಹೇಳು’ ಅನ್ನಬಹುದು. ಇಲ್ಲೇ ಹೆಚ್ಚಿನವರು ಕಂಗೆಡುವುದು. ಅವರು ತಪ್ಪು ಹುಡುಕುತ್ತಿಲ್ಲ, ನೀವು ಕಲಿಯಬಲ್ಲಿರಾ ಅಂತ ನೋಡುತ್ತಿದ್ದಾರೆ. ಗೆಳೆಯನಿಗೆ ಹೇಳಿ, ದಿನಕ್ಕೊಂದು ಹೊಸ ಸಂದರ್ಭ ಕೊಡಿಸಿಕೊಂಡು ಅದೇ ಮಾತನ್ನು ಆಡಿ.

ನಿಮ್ಮ ಭಾಷೆ ಬಿಡಬೇಡಿ. ‘ಏನ್ ಮಾಡಾಕತ್ತೀರಿ’ ಅನ್ನುವ ಹುಡುಗಿ ಸಂದರ್ಶನಕ್ಕೆ ಅಂತ ಟಿವಿ ವಾರ್ತೆಯ ಕನ್ನಡ ಆಡಲು ಹೋಗಿ ಮಾತಿನ ಜೀವವನ್ನೇ ಕಳೆದುಕೊಂಡದ್ದನ್ನು ನೋಡಿದ್ದೇನೆ. ಪಾತ್ರಕ್ಕೆ ಬೇಕಿದ್ದಾಗ ಗ್ರಾಂಥಿಕ ಆಡಿ, ಹೆಸರು ಊರು ಕೇಳಿದಾಗ ಮನೆಮಾತಿನಲ್ಲೇ ಹೇಳಿ.

ಹಾಡು ಅಂದರೆ, ಟ್ರ್ಯಾಕ್ ಬೇಡ, ಹಾರ್ಮೋನಿಯಂ ಕೂಡ ಬೇಡ. ಶಿಶುನಾಳ ಷರೀಫರ ತತ್ವಪದವೊಂದು ಸಾಕು.

‘15 ದಿನದಲ್ಲಿ ನಟನೆ, ಸರ್ಟಿಫಿಕೇಟ್ ಸಮೇತ’ ಎನ್ನುವ ಜಾಹೀರಾತು ಹುಬ್ಬಳ್ಳಿಯಲ್ಲಿ ಆಗಾಗ ಕಾಣುತ್ತದೆ. ಆ ದುಡ್ಡಿನಲ್ಲಿ ಧಾರವಾಡದ ಸೃಜನಾ ರಂಗಮಂದಿರದಲ್ಲಿ ನಾಟಕ ನೋಡಿ.

‘ಮುಂದೇನು?’ ಅಂತ ಮನೆಯಲ್ಲಿ ಕೇಳೇ ಕೇಳುತ್ತಾರೆ. ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರದಂಥ ಊರೂರು ತಿರುಗಿ ನಾಟಕ ಆಡುವ ತಂಡಗಳಿವೆ. ಧಾರವಾಡದಲ್ಲೇ ರಂಗಾಯಣ ಇದೆ, ಆಕಾಶವಾಣಿ ಇದೆ. ಬೆಳಕು, ಪ್ರಸಾಧನ ಕಲಿತವರಿಗೆ ಬೇರೆ ತಂಡಗಳಿಂದಲೂ ಕರೆ ಬರುತ್ತದೆ. ಶಾಲೆಗಳಲ್ಲಿ ಮಕ್ಕಳ ನಾಟಕ ಮಾಡಿಸಬಹುದು. ಜಾತ್ರೆ ಬಂದರೆ ಗದಗ, ಹಾವೇರಿಯ ಹಳ್ಳಿಗಳಿಗೆ ನಾಟಕ ಕಲಿಸುವ ಮಾಸ್ತರು ಬೇಕೇ ಬೇಕು. ಅಪ್ಪನಿಗೆ ಈ ಮಾಸ್ತರಿಕೆಯ ಮಾತನ್ನೇ ಮೊದಲು ಹೇಳಿ. ಊರ ಜಾತ್ರೆಯಲ್ಲಿ ಅವರೂ ಒಮ್ಮೆ ಬಣ್ಣ ಹಚ್ಚಿರಬಹುದು, ಕೇಳಿ ನೋಡಿ.