ಲಿವರ್ ಸರಿದಾಡತೈತಿ, ಮ್ಯಾಪ್ ಸರಿದಾಡಂಗಿಲ್ಲ

ನಾ ಬೆಳಗಾವಿಯೊಳಗ ಲಿವರ್ ಆಪರೇಷನ್ ಮಾಡೋ ಸರ್ಜನ್. ಓಟಿಯೊಳಗ (ಆಪರೇಷನ್ ಕೋಣಿಯೊಳಗ) ನ್ಯಾವಿಗೇಶನ್, ಅಂದ್ರ ಸ್ಕ್ಯಾನಿನಿಂದ ಮಾಡಿದ ನಕ್ಷೆ ನೋಡಿ ಗಂಟು ಹುಡುಕೋ ಪದ್ಧತಿ, ಬಳಸಿ ನಾ ಏನು ಕಲಿತೆ ಅನ್ನೋದನ್ನ ಒಂದು ಕೇಸ್ ಹಿಡಕೊಂಡು ಬರೀತೀನಿ.

ಗೋಕಾಕ ಕಡೆ ರೈತರು ಅವ್ರು, ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿತ್ತು. ಕೀಮೋಕ್ಕಿಂತ ಮೊದಲ ಮೂರು ಗಂಟು ಇದ್ದವು, ಕೀಮೋ ಮುಗದ ಮ್ಯಾಲ ಸ್ಕ್ಯಾನ್‌ನ್ಯಾಗ ಎರಡ ಕಂಡವು. ಒಂದು ಕರಗಿ ಹೋತು ಅಂತ ಮನಿ ಮಂದಿ ಖುಷಿ ಆದ್ರು. ನನಗ ಅದರದ್ದ ಚಿಂತಿ, ಯಾಕಂದ್ರ ಸ್ಕ್ಯಾನ್‌ನ್ಯಾಗ ಕಾಣಲಿಲ್ಲ ಅಂದ್ರ ಕ್ಯಾನ್ಸರ್ ಸತ್ತೈತಿ ಅಂತ ಅಲ್ಲ, ಭಾಳ ಸಲ ಜೀವಂತ ಕೋಶ ಅಲ್ಲೇ ಕುಂತಿರತಾವ, ಬಿಟ್ರ ತಿರುಗಿ ಬೆಳೀತಾವ.

ಅದನ್ನ ಹುಡುಕಾಕ ನ್ಯಾವಿಗೇಶನ್ ಬಳಸತೀವಿ ಅಂದಾಗ, "ಮೊಬೈಲ್ ಮ್ಯಾಪ್ ನೋಡಿ ದಾರಿ ಹಿಡದಂಗ ಏನ್ರಿ ಸಾಹೇಬ್ರ?" ಅಂತ ಆ ರೈತರು ಕೇಳಿದ್ರು. ನಾ ಅಂದೆ, "ಅದಕ್ಕಿಂತ ಹೊಲದ ಸರ್ವೆ ಇದ್ದಂಗ ಅನ್ರಿ ಕಾಕಾ." ಲಿವರ್‌ನ್ಯಾಗ 8 ಸೆಗ್ಮೆಂಟ್, ಸರ್ವೆ ನಂಬರ್ ಇದ್ದಂಗ. ಸಿಟಿ ಸ್ಕ್ಯಾನಿನಿಂದ ಕಂಪ್ಯೂಟರ್ ತ್ರೀಡಿ ನಕ್ಷೆ ಮಾಡತೈತಿ, ಓಟಿಯೊಳಗ ಇನ್‌ಫ್ರಾರೆಡ್ ಕ್ಯಾಮೆರಾ ಇರತೈತಿ, ನಮ್ಮ ಕೈಯಾಗಿನ ಪಾಯಿಂಟರ್ ಕಡ್ಡಿಗೆ ಹಚ್ಚಿದ ಹೊಳಿಯೋ ಗುಂಡುಗಳನ್ನ ಅದು ನೋಡತೈತಿ. ಪೋರ್ಟಲ್ ವೇನ್ (ಕರುಳಿನ ರಕ್ತ ಲಿವರಿಗೆ ತರೋ ನಾಳ) ಕವಲೊಡಿಯೋ ಜಾಗದಂಥಾ ಗುರುತುಗಳನ್ನ ತೋರಿಸಿ ನಕ್ಷೆಗೂ ಲಿವರಿಗೂ ತಾಳೆ ಹಾಕಬೇಕು, ಇದಕ್ಕ ರಿಜಿಸ್ಟ್ರೇಷನ್ ಅಂತೇವಿ.

ತ್ರಾಸ ಇರೋದು ಇಲ್ಲೇ. ತಲಿ ಆಪರೇಷನ್‌ನ್ಯಾಗ ಬುರುಡಿ ಗಟ್ಟಿ, ಗುರುತು ಅಲಗಾಡಂಗಿಲ್ಲ. ಲಿವರ್ ಹಂಗಲ್ಲ, ಉಸಿರು ತಗೊಂಡಾಗೊಮ್ಮೆ ಕೆಳಗ ಮ್ಯಾಲ ಆಗತೈತಿ, ಹೊಳ್ಳಿಸಿದ್ರ ಆಕಾರಾನ ಬದಲಾಗತೈತಿ. ಬಾಂದಗಲ್ಲ ನಡದಾಡಿದ್ರ ಸರ್ವೆ ಏನ್ ಮಾಡೋದು ಹೇಳ್ರಿ. ಶುರುವಿನ ಒಂದು ಕೇಸ್‌ನ್ಯಾಗ ನಾ ಮೊದಲ ರಿಜಿಸ್ಟ್ರೇಷನ್ ಮುಗಿಸಿ ಆಮ್ಯಾಲ ಲಿವರಿನ ಬಲಗಡಿ ಭಾಗಾನ ಸುತ್ತಲಿನ ಕಟ್ಟುಗಳಿಂದ ಬಿಡಿಸಿ ಹೊಳ್ಳಿಸಿದೆ. ಪಾಯಿಂಟರ್ ಒಂದು ಕಡೆ ತೋರಸತೈತಿ, ಗಂಟು ಬೆರಳಿಗೆ ಹತ್ತೋದು ಒಂದೂವರೆ ಸೆಂಟಿಮೀಟರ್ ಆಚೆ. ಅಲ್ಟ್ರಾಸೌಂಡ್ ಕೈಯಾಗ ಇತ್ತು, ಅದಕ್ಕ ಬಚಾವ್.

ಅವತ್ತಿನಿಂದ ಲಿವರ್ ಪೂರಾ ಬಿಡಿಸಿದ ಮ್ಯಾಲ ರಿಜಿಸ್ಟ್ರೇಷನ್, ಅದೂ ಗಂಟಿನ ಸಮೀಪದ ಗುರುತುಗಳಿಂದ, ಅರವಳಿಕೆ ಡಾಕ್ಟರಿಗೆ ಹೇಳಿ ಉಸಿರು ಸ್ವಲ್ಪ ತಡದು. ಆಮ್ಯಾಲ ಅಲ್ಟ್ರಾಸೌಂಡ್‌ನ್ಯಾಗ ಒಂದು ರಕ್ತನಾಳದ ಕವಲು ಹುಡುಕಿ ನಕ್ಷೆಯೊಳಗಿನ ಕವಲಿಗೆ ಹೋಲಿಸಿ ನೋಡತೀನಿ, 5 ಮಿಮೀಗಿಂತ ಹೆಚ್ಚು ಫರಕ್ ಬಂದ್ರ ಮತ್ತ ಮೊದಲಿಂದ.

ಈ ಕಾಕಾನ ಮೂರನೇ ಗಂಟು 8ನೇ ಸೆಗ್ಮೆಂಟಿನ್ಯಾಗ, ಮಿಡಲ್ ಹೆಪ್ಯಾಟಿಕ್ ವೇನ್ (ಲಿವರಿನಿಂದ ರಕ್ತ ಹೊರಗ ಒಯ್ಯೋ ನಡುವಿನ ನಾಳ) ಬಾಜೂಕ, ಎರಡು ಸೆಂಟಿಮೀಟರಿಗಿಂತ ಆಳದಾಗ ಇತ್ತು. ಐಸಿಜಿ ಅಂತ, ವಿಶೇಷ ಕ್ಯಾಮೆರಾದಾಗ ಹೊಳಿಯೋ ಬಣ್ಣ ಕೊಟ್ಟಿದ್ವಿ, ಆದ್ರ ಅದರ ಹೊಳಪು ಕಾಣೋದು ಮ್ಯಾಲಿನ ಒಂದು ಸೆಂಟಿಮೀಟರ್ ಒಳಗಿದ್ದದ್ದು ಅಷ್ಟ, ಇಲ್ಲಿ ಉಪಯೋಗ ಬೀಳಲಿಲ್ಲ. ಕೈಗೂ ಹತ್ತಲಿಲ್ಲ. ಮೊದಲ ಸಲ ಅಲ್ಟ್ರಾಸೌಂಡ್ ಆಡಿಸಿದಾಗ ಏನೂ ಇಲ್ಲ. ಹಳೇ ಸ್ಕ್ಯಾನಿನ ಗಂಟನ್ನ ನಕ್ಷೆಯೊಳಗ ಕೂಡಿಸಿದ್ವಿ, ಪಾಯಿಂಟರ್ ತೋರಿಸಿದ ಜಾಗಾದಾಗ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಕೂದಲೆಳಿಯಷ್ಟು ಕೂದಲೆಳಿಯಷ್ಟು ಸರಿಸಿದೆ, ಆಗ 6 ಮಿಮೀದು ಒಂದು ಮಸುಕು ನೆರಳು ಕಂಡ್ತು. ನ್ಯಾವಿಗೇಶನ್ ಇಲ್ಲದಿದ್ರ ಅದರ ಮ್ಯಾಲ ಹಾದು ಹೋಗತಿದ್ದೆ, ಖರೇನ.

ಲಿವರಿಗೆ ರಕ್ತ ಬರೋ ದಾರಿ 15 ನಿಮಿಷ ಒತ್ತಿ ಹಿಡದು 5 ನಿಮಿಷ ಬಿಟ್ಟು ಕೊಯ್ಕೋತ ಹೋದ್ವಿ. ಕೊಯ್ಯಾಕ ಶುರು ಮಾಡಿದ ಮ್ಯಾಲ ಲಿವರ್ ತೆರಕೋತೈತಿ, ಆಗ ಸ್ಕ್ರೀನ್ ನಂಬಂಗಿಲ್ಲ, ಬರೇ ಅಲ್ಟ್ರಾಸೌಂಡ್. ಪೆಥಾಲಜಿ ರಿಪೋರ್ಟ್ ಬಂತು, ಆ 6 ಮಿಮೀ ಒಳಗ ಜೀವಂತ ಕ್ಯಾನ್ಸರ್ ಕೋಶ ಇದ್ದವು.

ಇದೆಲ್ಲಾ ಆಗಿದ್ದು ಹಳೇ ಸ್ಕ್ಯಾನಿನ ಸಿಡಿ ಸಿಕ್ಕಿದ್ದಕ್ಕ. ಅವ್ರು ಕ್ಯಾರಿಬ್ಯಾಗಿನ್ಯಾಗ ಫಿಲ್ಮ್ ಅಷ್ಟ ತಂದಿದ್ರು, ಫಿಲ್ಮ್‌ಲೆ ನಕ್ಷೆ ಆಗಂಗಿಲ್ಲ, ಮಗ ಎರಡು ಸಲ ಸ್ಕ್ಯಾನ್ ಸೆಂಟರಿಗೆ ಅಡ್ಡಾಡಿ ಸಿಡಿ ತಂದಾ. ಕೀಮೋ ಶುರು ಮಾಡೋಕ್ಕಿಂತ ಮೊದಲಿನ ಸಿಡಿ ಇಸ್ಕೊಂಡು ಮನ್ಯಾಗ ಜ್ವಾಕಿಯಿಂದ ಇಟ್ಕೋರಿ ಅಂತ ಈಗ ಪ್ರತಿಯೊಬ್ಬ ಪೇಷಂಟಿಗೂ ಚೀಟಿ ಮ್ಯಾಲ ಬರದ ಕೊಡತೀನಿ.