ಸ್ಲರಿ ಕಲ್ಲಿದ್ದಲಿನ ಬೂದಿ ಇಳಿಸಿದ ನನ್ನ ಅನುಭವ

ಅರ್ಧ ಮಿಲಿಮೀಟರಿಗಿಂತ ಸಣ್ಣ ಕಲ್ಲಿದ್ದಲಿನ ಬೂದಿಯನ್ನು (ಸುಟ್ಟ ಮೇಲೆ ಉಳಿಯುವ ಕಲ್ಲು-ಮಣ್ಣಿನ ಪಾಲನ್ನು) ಬರಿ ನೀರಿನ ಸೈಕ್ಲೋನಿನಲ್ಲೇ, ಅಂದರೆ ನೀರನ್ನು ಸುಳಿಯಾಗಿ ತಿರುಗಿಸಿ ಹಗುರ-ಭಾರ ಬೇರ್ಪಡಿಸುವ ಪಾತ್ರೆಯಲ್ಲೇ, ಇಳಿಸುತ್ತೇನೆ ಎಂದಾಗ ಜಾರ್ಖಂಡಿನ ಧನ್‌ಬಾದಿನಲ್ಲಿ ಯಾರೂ ಒಪ್ಪಲಿಲ್ಲ. ನೀರನ್ನು ಭಾರವಾಗಿಸುವ ಮ್ಯಾಗ್ನೆಟೈಟ್ ಪುಡಿ ಹಾಕಿ, ಇಲ್ಲವೇ ಕಲ್ಲಿದ್ದಲನ್ನು ಗಾಳಿಗುಳ್ಳೆಗೆ ಅಂಟಿಸಿ ತೇಲಿಸುವ ಫ್ಲೊಟೇಶನ್‌ಗೆ ಹೋಗಿ ಎಂಬುದೇ ಎಲ್ಲರ ಮಾತು. ಅಲ್ಲಿನ ಝರಿಯಾ ಗಣಿಗಳ ಕಲ್ಲಿದ್ದಲಿನೊಳಗೆ ಕಲ್ಲು ಹೆಣೆದುಕೊಂಡಿರುತ್ತದೆ ಎಂಬ ಅವರ ತಕರಾರು ಸುಳ್ಳಲ್ಲ. ಆದರೆ ನಾವು ಎತ್ತಿದ್ದು ವಾಷರಿಯ (ಕಲ್ಲಿದ್ದಲು ತೊಳೆಯುವ ಘಟಕದ) ಹಳೆಯ ಕೊಳದ ಸ್ಲರಿ, ಅಂದರೆ ತೊಳೆದ ನೀರಿನ ಜೊತೆ ಬಂದ ಸಣ್ಣ ಕಲ್ಲಿದ್ದಲಿನ ಕೆಸರು. ಜಿಂಕ್ ಕ್ಲೋರೈಡ್ ದ್ರಾವಣದಲ್ಲಿ 1.5ರ ಸಾಂದ್ರತೆಗೆ, ಅಂದರೆ ಕಲ್ಲಿದ್ದಲು ತೇಲಿ ಕಲ್ಲು ಮುಳುಗುವಂತೆ, ತೇಲಿಸಿ ನೋಡಿದೆ. ಕಲ್ಲು ಬಹುಪಾಲು ಬಿಡಿಯಾಗಿಯೇ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ಸೈಕ್ಲೋನಿನ ಕೆಲಸ ನಾನು ಕಲಿತದ್ದು ಬಳ್ಳಾರಿ ಕಡೆಯ ಕಬ್ಬಿಣದ ಅದಿರಿನ ಘಟಕದಲ್ಲಿ. ಅಲ್ಲಿ ಮಾಲು ಕೆಳಗೆ ಬರುತ್ತದೆ, ಜೇಡಿ ಮೇಲಿನಿಂದ ಹೋಗುತ್ತದೆ. ಕಲ್ಲಿದ್ದಲಿನಲ್ಲಿ ಮಾಲೂ ಜೇಡಿಯೂ ಮೇಲಿನಿಂದಲೇ ಬರುತ್ತವೆ. ತಂಟೆಯೆಲ್ಲ ಇಲ್ಲೇ ಇರುವುದು.

ಅದಿರಿನವರ ಕಿರಿದಾದ ಕೋನಿನಲ್ಲಿ (ಸೈಕ್ಲೋನಿನ ಕೆಳಭಾಗದ ಶಂಕುವಿನಲ್ಲಿ) ಕಲ್ಲಿದ್ದಲೂ ಕಲ್ಲಿನ ಜೊತೆ ಕೆಳಗಿಳಿಯಿತು. ಅಗಲ ಕೋನಿನ 8 ಅಂಗುಲದ ಎರಡು ಸೈಕ್ಲೋನ್ ಮಾಡಿಸಿದೆ. ಅವುಗಳ ತಳದಲ್ಲಿ ಕಲ್ಲಿನ ಕಣಗಳು ತಿರುಗುತ್ತ ಒಂದು ಪದರ ಕಟ್ಟುತ್ತವೆ, ಹಗುರ ಕಲ್ಲಿದ್ದಲು ಅದನ್ನು ದಾಟಲಾರದೆ ನಡುವಿನ ಸುಳಿಗೆ ಸಿಕ್ಕಿ ಮೇಲೇರುತ್ತದೆ. ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ, ಘನಾಂಶ ಶೇ. 10ರ ಒಳಗೆ. ಸ್ಪಿಗಾಟಿನ (ತಳದ ಬಾಯಿಯ) ಧಾರೆ ಕೊಡೆಯಂತೆ ಹರಡಿರಬೇಕು. ಗಟ್ಟಿಯಾಗಿ ನೆಟ್ಟಗೆ ಇಳಿಯಿತೆಂದರೆ ಕಲ್ಲು ಮೇಲೆ ಹೋಗುತ್ತಿದೆ ಎಂದೇ ಅರ್ಥ. ಮೇಲಿನಿಂದ ಹೊರಹೋಗುವ ಕೊಳವೆಯಾದ ವೋರ್ಟೆಕ್ಸ್ ಫೈಂಡರಿನ ತುದಿಗೂ ಕೋನಿಗೂ ಎಷ್ಟು ಅಂತರ ಬಿಟ್ಟೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಸುರಿದಿದ್ದೇನೆ.

ದುಡ್ಡು ತಿಂದದ್ದು ಸವೆತ. ಎರಕದ ಸ್ಪಿಗಾಟ್ ಮೂರು ವಾರ ಬಾಳಿದರೆ ಹೆಚ್ಚು. ಬಾಯಿ ಅಗಲವಾದಷ್ಟೂ ಒಳ್ಳೆಯ ಕಲ್ಲಿದ್ದಲು ಕಸದ ಪಾಲು. ಅಲ್ಯುಮಿನಾ ಒಳಪದರಕ್ಕೆ ಮೂರು ಪಟ್ಟು ಬೆಲೆ ತೆತ್ತೆ, ಅದು ಹೆಚ್ಚುಕಡಿಮೆ ವರ್ಷ ಬಂತು. ಪಂಪು, ಪೈಪು, ತೊಟ್ಟಿ ಸೇರಿ ಹನ್ನೆರಡು ಲಕ್ಷದ ಹತ್ತಿರ ಹೋದಾಗಲೂ ಬೂದಿ ಶೇ. 33ರಿಂದ 25ಕ್ಕೆ ಇಳಿದು ಅಲ್ಲೇ ನಿಂತಿತ್ತು. ಪಾಲುದಾರರು ಯಂತ್ರ ಮಾರಿಬಿಡೋಣ ಎಂದರು. ಆ 25ರಲ್ಲಿ ಉಳಿದದ್ದು ಕಲ್ಲಲ್ಲ, ನೀರಿನ ಜೊತೆ ಮೇಲೆ ಬಂದ ಜೇಡಿ ಎಂದು ನಾನು ಹಟ ಹಿಡಿದೆ. ಮೇಲಿನಿಂದ ಬರುವ ಓವರ್‌ಫ್ಲೋವನ್ನು 3 ಅಂಗುಲದ ಸಣ್ಣ ಸೈಕ್ಲೋನುಗಳ ಸಾಲಿಗೆ ಕೊಟ್ಟೆ. ಇಲ್ಲಿ ಬಳ್ಳಾರಿಯ ಲೆಕ್ಕವೇ: ಜೇಡಿ ಮೇಲೆ, ಮಾಲು ಕೆಳಗೆ. ಬೂದಿ 18-19ಕ್ಕೆ ಬಂತು! ಹಾಕಿದ್ದರಲ್ಲಿ ಸುಮಾರು ಅರ್ಧ ಮಾಲಾಯಿತು. ಇಟ್ಟಿಗೆ ಭಟ್ಟಿಗೆ ಹೋಗುತ್ತಿದ್ದ ಸ್ಲರಿಯನ್ನು ಕಲ್ಲಿದ್ದಲಿನಿಂದ ಹಾರ್ಡ್ ಕೋಕ್ ಮಾಡುವ ಭಟ್ಟಿಯವರು ಮಿಶ್ರಣಕ್ಕೆಂದು ದುಪ್ಪಟ್ಟಿಗೂ ಮೇಲಿನ ದರಕ್ಕೆ ಒಯ್ದರು. ಮಾರೋಣ ಎಂದಿದ್ದ ಪಾಲುದಾರರೇ ಮೂರನೆಯ ದೊಡ್ಡ ಸೈಕ್ಲೋನಿಗೆ ದುಡ್ಡು ಹಾಕಿದರು.

ನಡುವೆ ಡೀಸೆಲ್ ಬೆರೆಸಿ ಕದಡಿ ಕಲ್ಲಿದ್ದಲನ್ನು ಉಂಡೆಗಟ್ಟಿಸಿಯೂ ನೋಡಿದೆ. ಬೂದಿ 14ಕ್ಕೆ ಇಳಿಯಿತು, ಚೆಂದದ ಮಾಲು. ಡೀಸೆಲ್ ಬೆಲೆಗೆ ಅದು ಗಿಟ್ಟುವುದಿಲ್ಲ. ಸುಟ್ಟ ಎಂಜಿನ್ ಎಣ್ಣೆಯಲ್ಲಿ ಮತ್ತೊಮ್ಮೆ ಮಾಡುವ ಆಸೆಯಿದೆ.

ಜೇಡಿಯ ಜೊತೆ ಅತಿ ಸಣ್ಣ ಕಲ್ಲಿದ್ದಲು ಇನ್ನೂ ಕಳೆದುಹೋಗುತ್ತಿದೆ. ಆ ನೀರನ್ನು, ಕೆಸರನ್ನು ಗಂಟುಕಟ್ಟಿಸಿ ಕೂರಿಸುವ ಫ್ಲಾಕ್ಯುಲೆಂಟ್ ಹಾಕಿ, ತಿಳಿಗೊಳಿಸಿ ಮತ್ತೆ ಬಳಸುತ್ತೇನೆ. ತಳದ ಕೆಸರನ್ನು ಮಾತ್ರ ಬೇರೆ ಗುಂಡಿಯಲ್ಲಿ ಕೂಡಿಡುತ್ತಿದ್ದೇನೆ, ಯಾರಿಗೂ ಮಾರಿಲ್ಲ.