ಎದೆನೋವಿನ ಮಾತ್ರೆಗಳನ್ನು ನಾನು ನಿಭಾಯಿಸುವ ರೀತಿ

ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು, ಇದೆ ಎಂದು ಗೊತ್ತಾದಾಗ ಡಾಕ್ಟರು ಕೊಟ್ಟ ಚೀಟಿ ಉದ್ದವಾಗಿಯೇ ಇತ್ತು. ಯಾವ ಮಾತ್ರೆ ಯಾಕೆ ಅಂತ ಒಂದೊಂದನ್ನೂ ಕೇಳಿ ಬರೆದುಕೊಂಡೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಿರಲಿ ಅಂತ. ಸ್ಟ್ಯಾಟಿನ್ ಕೊಲೆಸ್ಟ್ರಾಲ್‌ಗೆ. ಮೆಟೊಪ್ರೊಲಾಲ್ ಎದೆಬಡಿತ ತಗ್ಗಿಸಿ ಹೃದಯದ ದುಡಿಮೆ ಕಡಿಮೆ ಮಾಡುತ್ತದೆ. ಐಸೊಸಾರ್ಬೈಡ್ ಮಾನೊನೈಟ್ರೇಟ್ ಎಂಬ ನೈಟ್ರೇಟ್ ಜಾತಿಯ ಮಾತ್ರೆ ರಕ್ತನಾಳ ಹಿಗ್ಗಿಸುತ್ತದೆ.

ಈ ಕೊನೆಯದರ ಹೊತ್ತು ವಿಚಿತ್ರ. ನನಗೆ ಬರೆದದ್ದು ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಇನ್ನೊಂದು. ದಿನಕ್ಕೆರಡು ಅಂದರೆ ಬೆಳಿಗ್ಗೆ-ರಾತ್ರಿ ಅಲ್ವಾ? ಇದಕ್ಕೆ ಹಾಗಲ್ಲ. ನೈಟ್ರೇಟ್ ಹಗಲು ರಾತ್ರಿ ಮೈಯಲ್ಲಿದ್ದರೆ ರಕ್ತನಾಳಗಳು ಅದಕ್ಕೆ ಒಗ್ಗಿಹೋಗುತ್ತವೆ, ಮಾತ್ರೆ ನಾಟುವುದೇ ಇಲ್ಲ. ಹಿಂದೆ ಡೈನಮೈಟ್ ಕಾರ್ಖಾನೆಯ ಕೆಲಸಗಾರರಿಗೆ ಸೋಮವಾರ ವಿಪರೀತ ತಲೆನೋವು ಬರುತ್ತಿತ್ತಂತೆ. ಮೈ ಒಗ್ಗಿ ವಾರದ ನಡುವೆ ಮಾಯ, ರಜೆ ಮುಗಿಸಿ ಬಂದರೆ ಮತ್ತೆ ಶುರು. ಅಲ್ಲಿದ್ದದ್ದು ಇದೇ ಜಾತಿಯ ನೈಟ್ರೊಗ್ಲಿಸರಿನ್. ಆ ರಜೆಯ ಬಿಡುವನ್ನೇ ನಾವು ರಾತ್ರಿ ಕೊಡುತ್ತೇವೆ. ಅದಕ್ಕೇ 3 ಗಂಟೆಯದನ್ನು ನಾನು ರಾತ್ರಿ ಊಟಕ್ಕೆ ತಳ್ಳುವುದಿಲ್ಲ. ಒಂದು ಹೊತ್ತು ತಪ್ಪಿತು ಅಂತ ಮುಂದಿನ ಸಲ ಎರಡು ನುಂಗುವುದೂ ಇಲ್ಲ.

ನಾಲಿಗೆ ಅಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆ ಸದಾ ಜೇಬಿನಲ್ಲಿರುತ್ತದೆ. ಅದು ಬಂದ ಗಾಜಿನ ಸೀಸೆಯಲ್ಲೇ, ಮುಚ್ಚಳ ಬಿಗಿಯಾಗಿ. ಈ ಔಷಧಿ ಆವಿಯಾಗಿ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ವಾರದ ಮಾತ್ರೆ ಡಬ್ಬಿಗೆ ಸುರಿಯುವಂತಿಲ್ಲ. ಎದೆ ಹಿಡಿದುಕೊಂಡರೆ ಮೊದಲು ಕೂರುತ್ತೇನೆ, ಆಮೇಲೆ ಮಾತ್ರೆ. ನಿಂತೇ ಇಟ್ಟುಕೊಂಡರೆ ಬಿ.ಪಿ. ಇಳಿದು ತಲೆ ಸುತ್ತಿ ಬೀಳಬಹುದು. ಸ್ವಲ್ಪ ತಲೆ ಸಿಡಿಯುತ್ತದೆ, ಅದು ಮಾಮೂಲು. 5 ನಿಮಿಷದಲ್ಲಿ ನೋವು ತಗ್ಗದಿದ್ದರೆ, ಅಥವಾ ಹೆಚ್ಚಾದರೆ, ಆಂಬ್ಯುಲೆನ್ಸ್ ಕರೆಯಬೇಕು. ನನ್ನ ಮನೆಯವರಿಗೂ ಇದು ಬಾಯಿಪಾಠ. ದೊಡ್ಡ ಏರು ಹತ್ತುವ ಮುಂಚೆಯೂ ಇದನ್ನು ಇಟ್ಟುಕೊಳ್ಳಬಹುದು ಅಂತ ಡಾಕ್ಟರು ಹೇಳಿದ್ದು ನನಗೆ ತುಂಬಾ ಅನುಕೂಲವಾಯಿತು.

ನೋವು ಬಂದಾಗ ಏನು ಮಾಡುತ್ತಿದ್ದೆ, ಎಷ್ಟು ಹೊತ್ತಿತ್ತು ಅಂತ ಒಂದು ಸಾಲು ಬರೆದಿಡುತ್ತೇನೆ. ಎರಡು ಮಹಡಿ ಹತ್ತಿದರೆ ಬರುತ್ತಿದ್ದ ನೋವು ನಾಲ್ಕು ಮೆಟ್ಟಿಲಿಗೇ ಬಂದರೆ, ಸುಮ್ನೆ ಕೂತಾಗಲೂ ಬಂದರೆ, ಮುಂದಿನ ಚೆಕಪ್‌ವರೆಗೆ ಕಾಯುವ ಮಾತೇ ಇಲ್ಲ. ತಕ್ಷಣ ಆಸ್ಪತ್ರೆಗೆ.

ಮೆಟೊಪ್ರೊಲಾಲ್ ಸ್ಟ್ರಿಪ್ ಖಾಲಿಯಾಗುವ ಮುಂಚೆಯೇ ಹೊಸದನ್ನು ತಂದಿಡುತ್ತೇನೆ. "ಈಗ ಆರಾಮಾಗಿದ್ದೀಯಲ್ಲ, ಬಿಟ್ಟುಬಿಡು" ಎನ್ನುವವರು ಇದ್ದೇ ಇರುತ್ತಾರೆ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಥಟ್ಟನೆ ನಿಲ್ಲಿಸಿದರೆ ಆಂಜೈನಾ ತಿರುಗಿಬೀಳುತ್ತದೆ, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ಡಾಕ್ಟರೇ ನಿಧಾನವಾಗಿ ಡೋಸ್ ಇಳಿಸುತ್ತಾರೆ.

ಮಂಡಿನೋವಿಗೆ ಅಂತ ಐಬುಪ್ರೊಫೆನ್ ನುಂಗುವುದಿಲ್ಲ. ಅದು ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಇನ್ನೊಂದು ವಿಷಯ ಹೇಳಲು ಗಂಡಸರು ನಾಚುತ್ತಾರೆ. ನಿಮಿರುವಿಕೆಗೆ ನುಂಗುವ ಸಿಲ್ಡೆನಾಫಿಲ್ (ವಯಾಗ್ರಾ) ತರಹದ ಮಾತ್ರೆಯೂ ನೈಟ್ರೇಟೂ ಸೇರಿದರೆ ಬಿ.ಪಿ. ಪ್ರಾಣಕ್ಕೇ ಕುತ್ತು ಬರುವಷ್ಟು ಕುಸಿಯಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ ಕಳೆಯುವವರೆಗೆ ನೈಟ್ರೇಟ್ ಕೂಡದು. ನನ್ನ ಹಾಗೆ ದಿನಾ ನೈಟ್ರೇಟ್ ನುಂಗುವವರಿಗೆ ಅವು ಬೇಡವೇ ಬೇಡ. ಯಾರಾದರೂ ತೆಗೆದುಕೊಂಡಿದ್ದರೆ, ಎದೆನೋವಿಂದ ಆಸ್ಪತ್ರೆಗೆ ಹೋದ ಕೂಡಲೇ ಅಲ್ಲಿಯವರಿಗೆ ಮೊದಲು ಹೇಳಬೇಕಾದದ್ದು ಅದನ್ನೇ.